ಅಜ್ಜಿ ಪಾತ್ರದ ಹುಡುಗಿ

"ಇಷ್ಟು ಚಿಕ್ಕ ಹುಡುಗಿನ ತಂದು ಕೂರಿಸಿ, ಎಪ್ಪತ್ತೈದು ವರ್ಷದ ಅಜ್ಜಿ ಮಾಡಿ ಅಂದ್ರೆ ಹೇಗೆ ಸರ್? ಮುಖದಲ್ಲಿ ಒಂದೇ ಒಂದು ಗೆರೆ ಇಲ್ಲ."

ಕನ್ನಡಿಯ ಮುಂದೆ ಕುಳಿತಿದ್ದವಳ ಕಿವಿ ಕೆಂಪಗಾಯಿತು. ತಾನು ಇಲ್ಲೇ ಇದ್ದೇನೆ ಅನ್ನುವ ಪರಿವೆಯೂ ಇಲ್ಲದೆ, ಅಂಗಡಿಯಲ್ಲಿ ತರಕಾರಿ ತಿರುಗಿಸಿ ನೋಡುವವರ ಹಾಗೆ ತನ್ನ ಮುಖದ ಬಗ್ಗೆ ಮಾತಾಡುತ್ತಿದ್ದಾನಲ್ಲ ಈ ಮನುಷ್ಯ...

ನಾಟಕ ಶುರುವಾಗಲು ಇನ್ನು ಒಂದೂವರೆ ಗಂಟೆ ಇತ್ತು. ಅಜ್ಜಿಯ ಪಾತ್ರ ಮಾಡಬೇಕಿದ್ದ ಹಿರಿಯ ನಟಿ, ತಂಡದವರೆಲ್ಲ ದೊಡ್ಡಕ್ಕ ಎಂದು ಕರೆಯುತ್ತಿದ್ದವರು, ಮಧ್ಯಾಹ್ನ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡಿದ್ದರು. ಟಿಕೆಟ್ಟೆಲ್ಲ ಹೋಗಿತ್ತು. ತಂಡದಲ್ಲಿ ಆ ಪಾತ್ರದ ಮಾತು ಬಾಯಿಪಾಠ ಇದ್ದದ್ದು ಒಬ್ಬಳಿಗೆ ಮಾತ್ರ. ಮನೆಗೆಲಸದವಳ ಪಾತ್ರದಲ್ಲಿ ಎರಡೇ ಎರಡು ಮಾತಾಡಿ, ಉಳಿದ ಹೊತ್ತೆಲ್ಲ ಪರದೆಯ ಪಕ್ಕ ನಿಂತು ನೋಡುತ್ತಿದ್ದ ಇಪ್ಪತ್ತಮೂರರ ಈ ಹುಡುಗಿಗೆ.

ಬಣ್ಣ ಹಚ್ಚುವವನು ಆ ವಾರವಷ್ಟೇ ತಂಡಕ್ಕೆ ಸೇರಿದ್ದ. ಮೂವತ್ತರ ಆಸುಪಾಸು. ಮಾತು ಕಡಿಮೆ, ಹುಬ್ಬು ಗಂಟು ಹಾಕುವುದು ಜಾಸ್ತಿ.

ನಿರ್ದೇಶಕರು ಗಡಿಯಾರ ನೋಡಿಕೊಂಡರು. "ನೋಡಪ್ಪಾ, ದೊಡ್ಡಕ್ಕನ ಕಾಲಿಗೆ ಬಣ್ಣ ಹಚ್ಚಿ ನಡೆಸೋಕಾಗಲ್ಲ. ಇವಳ ಮುಖಕ್ಕೆ ಹಚ್ಚು" ಎಂದು ಹೇಳಿ ಹೊರಟೇಹೋದರು.

ಹುಡುಗಿ ಕನ್ನಡಿಯಲ್ಲಿ ಅವನ ಕಣ್ಣನ್ನೇ ನೋಡಿದಳು.

"ಗೆರೆ ಹಾಕೋದು ನಿಮ್ಮ ಕೆಲಸ. ಅಜ್ಜಿ ಆಗೋದು ನನ್ನ ಕೆಲಸ. ನೀವು ನಿಮ್ಮದು ಮಾಡಿ."

ಅವನು ಕುರ್ಚಿಯನ್ನು ಬೆಳಕಿನ ಕಡೆ ತಿರುಗಿಸಿದ.

"ಹುಳಿ ತಿಂದ ಹಾಗೆ ಮುಖ ಮಾಡಿ."

"ಏನು?"

"ಹುಳಿ. ತುಂಬಾ ಹುಳಿ."

ಅವಳು ಮುಖ ಕಿವಿಚಿದಳು. ಚರ್ಮ ಮಡಿಸಿಕೊಂಡಲ್ಲೆಲ್ಲ ಅವನ ಕುಂಚ ಸರಸರನೆ ಓಡಿತು.

"ಈಗ ಬಿಸಿಲಿಗೆ ನಿಂತ ಹಾಗೆ. ಈಗ ಅಳು ನುಂಗಿಕೊಂಡ ಹಾಗೆ. ಎಲ್ಲರ ಮುಖದಲ್ಲೂ ಮುಪ್ಪು ಮೊದಲೇ ಬಂದು ಕೂತಿರತ್ತೆ. ಎಲ್ಲಿ ಅಂತ ಹುಡುಕಬೇಕು, ಅಷ್ಟೇ."

ಅಂಟಿನ ಸೀಸೆಯನ್ನು ಅವನು ಮುಷ್ಟಿಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ನಿಂತ.

"ಯಾಕೆ ನಿಂತ್ರಿ? ಹೊತ್ತಾಗ್ತಿದೆ."

"ಬೆಚ್ಚಗಾಗಲಿ. ತಣ್ಣಗಿದ್ರೆ ಕೆನ್ನೆ ಜುಮ್ ಅನ್ನತ್ತೆ."

ಹೆಸರೂ ಕೇಳದ ಈ ಒರಟ, ತನ್ನ ಕೆನ್ನೆಗೆ ಚಳಿಯಾಗಬಾರದು ಅಂತ ಕಾಯುತ್ತಿದ್ದಾನೆ... ಅವಳು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಕನ್ನಡಿಯಲ್ಲಿ ಇದ್ದದ್ದು ಮುದುಕಿ.

ಎಪ್ಪತ್ತೈದನೇ ವಯಸ್ಸಿಗೆ ಓದು ಕಲಿಯುತ್ತೇನೆಂದು ಹಠ ಹಿಡಿಯುವ ಅಜ್ಜಿಯ ನಾಟಕ ಅದು. ಅಜ್ಜಿ ಮೊದಲ ಸಲ ತನ್ನ ಹೆಸರನ್ನು ತಾನೇ ಬರೆದು, ಬರೆದದ್ದನ್ನು ದೂರ ಹಿಡಿದು ನೋಡುವ ಹೊತ್ತಿಗೆ ಇಡೀ ಸಭಾಂಗಣ ಮೂಗು ಒರೆಸಿಕೊಳ್ಳುತ್ತಿತ್ತು.

ನಾಟಕ ಮುಗಿದ ಮೇಲೆ ಅವಳ ಅಮ್ಮ ಗ್ರೀನ್ ರೂಮಿಗೆ ಬಂದರು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವ ದರ್ಜಿ ಆಕೆ. ಕೊರಳಲ್ಲಿ ಅಳತೆ ಟೇಪು ಹಾಗೇ ನೇತಾಡುತ್ತಿತ್ತು. ನೇರವಾಗಿ ಅಜ್ಜಿಯ ಹತ್ತಿರ ಬಂದು ಕೈ ಹಿಡಿದುಕೊಂಡರು.

"ಏನು ಚೆನ್ನಾಗಿ ಮಾಡಿದ್ರಿ ತಾಯಿ. ಅತ್ತೂ ಅತ್ತೂ ಸಾಕಾಯ್ತು. ಅಂದ ಹಾಗೆ ನನ್ನ ಮಗಳು ಎಲ್ಲಿ? ಮನೆಗೆಲಸದವಳ ಪಾತ್ರ ಅಂದಿದ್ಳು, ಕಾಣಲೇ ಇಲ್ಲ."

"ಅಮ್ಮ... ನಾನೇ."

ಅಮ್ಮ ಅಲ್ಲಿದ್ದ ಬಟ್ಟೆಯ ಪೆಟ್ಟಿಗೆಯ ಮೇಲೆ ಕುಸಿದು ಕುಳಿತರು. ಸ್ವಲ್ಪ ಹೊತ್ತು ನೋಡಿದರು. "ಹೆತ್ತವಳು ನಾನು... ಈಗ ನೋಡಿದ್ರೆ ನಿನಗೆ ನಾನೇ ಮಗಳಾಗಿಬಿಟ್ಟೆನಲ್ಲೇ."

ಮೂಲೆಯಲ್ಲಿ ಕುಂಚ ತೊಳೆಯುತ್ತಿದ್ದವನು ನಕ್ಕ. ಅವನು ನಕ್ಕದ್ದನ್ನು ಅವಳು ಮೊದಲ ಸಲ ಕಂಡಳು. ಆ ನಗು ಅವಳ ಜೊತೆ ಮನೆಯವರೆಗೂ ಬಂತು.

ದೊಡ್ಡಕ್ಕ ಮೂರು ವಾರದ ನಂತರ ಕುಂಟುತ್ತಾ ಬಂದು, ಸಭಿಕರ ನಡುವೆ ಕುಳಿತು ನಾಟಕ ನೋಡಿದರು. "ಪಾತ್ರ ಇವಳದ್ದೇ. ನಾನು ಪಕ್ಕದ ಮನೆಯವಳಾಗ್ತೀನಿ. ಆ ಪಾತ್ರಕ್ಕೆ ಒಳ್ಳೆ ಬೈಗುಳ ಇವೆ" ಎಂದರು. ಅಲ್ಲಿಂದ ಹುಡುಗಿಗೆ ತಂಡದಲ್ಲಿ ಅಜ್ಜಿ ಎಂದೇ ಹೆಸರಾಯಿತು. ಅವಳು ಅವನನ್ನು ಬಣ್ಣದ ಮೇಷ್ಟ್ರು ಎಂದು ಕರೆದಳು. ಅದೂ ಹಾಗೇ ಉಳಿದುಕೊಂಡಿತು.

ಆರು ವರ್ಷ... ಒಂದರ ಹಿಂದೆ ಒಂದು ಅಜ್ಜಿ. ಜಗಳಗಂಟಿ ಅಜ್ಜಿ, ಕುರುಡಿ ಅಜ್ಜಿ, ಕಳ್ಳಿ ಅಜ್ಜಿ. ಪ್ರತಿ ನಾಟಕಕ್ಕೂ ಒಂದೂವರೆ ಗಂಟೆ ಅದೇ ಕುರ್ಚಿ, ಅವನ ಅದೇ ಗಂಟು ಹಾಕಿದ ಹುಬ್ಬು. ಅವಳು ಮಾತು ಒಪ್ಪಿಸುತ್ತಿದ್ದಳು. ಎದುರು ಪಾತ್ರದ್ದನ್ನು ಅವನು ಓದುತ್ತಿದ್ದ.

"ನನ್ನನ್ನು ಬಿಟ್ಟು ಹೋಗಬೇಡ ತಾಯಿ ನಿನ್ನ ಕಾಲಿಗೆ ಬೀಳುತ್ತೇನೆ," ಅವನು ಒಂದೇ ಉಸಿರಿನಲ್ಲಿ ಓದುತ್ತಿದ್ದ.

"ಮೇಷ್ಟ್ರೇ, ಅದು ಅಳೋ ಮಾತು. ನೀವು ಬಸ್ಸಿನ ವೇಳಾಪಟ್ಟಿ ಓದ್ತಿದ್ದೀರಿ."

"ಬಸ್ಸು ಬಿಟ್ಟು ಹೋದ್ರೂ ಜನ ಅಳ್ತಾರೆ."

ಅವಳು ನಗುತ್ತಿದ್ದಳು. "ನಗಬೇಡಿ, ಗೆರೆ ಬಿರುಕು ಬಿಡತ್ತೆ" ಎಂದು ಅವನು ಗದರುತ್ತಿದ್ದ. ಮತ್ತೆ ನಗಿಸುತ್ತಿದ್ದವನೂ ಅವನೇ.

ಆಮೇಲೆ ಸಿನಿಮಾ ಬಂತು. ತನಗಿಂತ ಒಂಬತ್ತು ವರ್ಷ ದೊಡ್ಡವನಾದ ನಾಯಕನಿಗೆ ಅವಳು ಅಜ್ಜಿ. "ಮೇಷ್ಟ್ರು ಬಂದ್ರೆ ಮಾತ್ರ ಬರ್ತೀನಿ" ಎಂದು ಅವಳು ಮೊದಲೇ ಷರತ್ತು ಹಾಕಿದ್ದಳು. ಸಿನಿಮಾ ನೂರು ದಿನ ಓಡಿತು. ನಾಯಕನಿಗಿಂತ ಅಜ್ಜಿಗೇ ಹೆಚ್ಚು ಚಪ್ಪಾಳೆ. ಬಸ್ಸಿನಲ್ಲಿ ಅವಳ ಪಕ್ಕ ಕುಳಿತ ಹೆಂಗಸರು, "ಪಾಪ, ಆ ವಯಸ್ಸಲ್ಲೂ ಎಂಥ ಅಭಿನಯ ಮಾಡ್ತಾರೆ. ದೇವರು ಆಯಸ್ಸು ಕೊಡಲಿ" ಎಂದು ಅವಳ ಎದುರೇ ಅವಳನ್ನು ಹರಸಿದ್ದರು.

ನೂರನೇ ದಿನದ ಸಮಾರಂಭದಲ್ಲಂತೂ ಕಾವಲುಗಾರ ಅವಳನ್ನು ಬಾಗಿಲಲ್ಲೇ ತಡೆದ.

"ಪಕ್ಕಕ್ಕೆ ನಿಲ್ಲಮ್ಮ. ಅಜ್ಜಿ ಬರೋ ಹೊತ್ತು. ವಯಸ್ಸಾದವರು, ದಾರಿ ಬಿಡಬೇಕು."

"ನಾನೇ ಅಜ್ಜಿ."

"ನೀನು ಅಜ್ಜಿ ಆದ್ರೆ ನಾನು ಮುತ್ತಜ್ಜ. ನಿಲ್ಲಮ್ಮ."

ಹಿಂದಿನಿಂದ ಬಂದ ಬಣ್ಣದ ಮೇಷ್ಟ್ರು ಗಂಭೀರವಾಗಿ, "ಬಿಡಿ ಸ್ವಾಮಿ, ಇವರೇ ಅಜ್ಜಿ. ಇವರಿಗೆ ವಯಸ್ಸು ಮಾಡಿದ್ದು ನಾನೇ" ಎಂದ.

ಕಾವಲುಗಾರ ಇಬ್ಬರನ್ನೂ ಅಡಿಯಿಂದ ಮುಡಿಯವರೆಗೆ ನೋಡಿದ. "ಗಂಡ ಹೆಂಡತಿ ಸೇರ್ಕೊಂಡು ಒಳ್ಳೆ ನಾಟಕ ಕಲ್ತಿದ್ದೀರಿ."

ಇಬ್ಬರೂ ಅದನ್ನು ತಿದ್ದಲಿಲ್ಲ. ಅವನು ಚಪ್ಪಲಿ ನೋಡಿದ. ಅವಳು ಗೋಡೆ ನೋಡಿದಳು. ಅವತ್ತು ವೇದಿಕೆಯ ಮೇಲೆ ಯಾರು ಏನು ಹೊಗಳಿದರೋ ಅವಳಿಗೆ ಒಂದೂ ಕೇಳಿಸಲಿಲ್ಲ. ಗಂಡ ಹೆಂಡತಿ... ಆ ಎರಡು ಪದ ಕಿವಿಯಲ್ಲಿ ದುಂಬಿಯ ಹಾಗೆ ಸುತ್ತುತ್ತಿದ್ದವು.

ಅವನು ಹೇಳಲಿ ಎಂದು ಅವಳು ಕಾದಳು. ಅವನು ಹೇಳಲಿಲ್ಲ.

ಅವಳಿಗೆ ಇಪ್ಪತ್ತೊಂಬತ್ತು ತುಂಬಿದ ವರ್ಷ ಒಬ್ಬ ಸಿನಿಮಾ ನಿರ್ದೇಶಕಿ ನಾಟಕ ನೋಡಲು ಬಂದರು. ಕತ್ತರಿಸಿದ ಕೂದಲು, ಚುರುಕು ಕಣ್ಣು.

"ನನ್ನ ಮುಂದಿನ ಸಿನಿಮಾದ ನಾಯಕಿ ನೀವು" ಎಂದರು. "ದೋಣಿ ನಿಲ್ದಾಣದಲ್ಲಿ ಟಿಕೆಟ್ ಕೊಡೋ ಹೆಂಗಸು. ವಯಸ್ಸು ನಿಮ್ಮದೇ. ಮುಖಾನೂ ನಿಮ್ಮದೇ."

ನನ್ನದೇ ಮುಖ... ಅವಳಿಗೆ ಕಾಲು ನೆಲಕ್ಕೆ ತಾಗಲಿಲ್ಲ. ಅಮ್ಮನನ್ನು ಬಿಟ್ಟರೆ ಈ ಸುದ್ದಿಯನ್ನು ಮೊದಲು ಹೇಳಬೇಕಾದದ್ದು ಒಬ್ಬನಿಗೇ. ಅಮ್ಮನಿಗೆ ಫೋನು ಮಾಡಿ ಮುಗಿಸಿ ಗ್ರೀನ್ ರೂಮಿನ ಕಡೆ ಓಡಿದಳು. ಬಾಗಿಲು ಅರ್ಧ ತೆರೆದಿತ್ತು. ಒಳಗೆ ಆಗಲೇ ನಿರ್ದೇಶಕಿಯ ದನಿ.

"ಪಾತ್ರ ಏನು ಅಂತ ಹೇಳಿದೆನಲ್ಲ. ಏನನ್ಸತ್ತೆ, ಆಗತ್ತಾ?"

"ಆಗಲ್ಲ ಮೇಡಂ." ಅವನ ದನಿ. "ಅಜ್ಜಿ ಅಂದ್ರೆ ಕಣ್ಣು ಮುಚ್ಕೊಂಡು ಮಾಡಬಹುದು. ಇದು ಬೇರೆ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ಬಾಗಿಲ ಹಿಡಿಯ ಮೇಲೆ ಅವಳ ಕೈ ಹಾಗೇ ನಿಂತಿತು.

ಆಗಲ್ಲ... ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ... ಆರು ವರ್ಷ ತನ್ನ ಮುಖವನ್ನು ಅಂಗೈಯಲ್ಲಿ ಹಿಡಿದು ನೋಡಿದವನು ಹೇಳಿದ ಮಾತಾ ಇದು?

ಮರುದಿನದ ನಾಟಕಕ್ಕೆ ಅವಳು ಕುರ್ಚಿಯಲ್ಲಿ ಮರದ ಬೊಂಬೆಯ ಹಾಗೆ ಕುಳಿತಳು. ಮಾತು ಒಪ್ಪಿಸಲಿಲ್ಲ.

"ಹುಷಾರಿಲ್ವಾ?" ಅವನು ಕೇಳಿದ.

"ನೀವು ಡೈರೆಕ್ಟರಿಗೆ ಹೇಳಿದ್ದು ಕೇಳಿಸ್ಕೊಂಡೆ."

ಅವನ ಕುಂಚ ನಿಂತಿತು. "ಓ... ಬೇಜಾರಾಯ್ತಾ?"

"ನಿಜವಾಗ್ಲೂ ನಿಮಗೆ ಹಾಗೇ ಅನ್ಸತ್ತಾ?"

ಅವನು ಕುಂಚ ಕೆಳಗಿಟ್ಟು, "ಸುಳ್ಳು ಹೇಳೋಕೆ ಬರಲ್ಲ ನನಗೆ. ಆಗಲ್ಲ ಅನ್ನಿಸ್ತು, ಆಗಲ್ಲ ಅಂದೆ. ಕ್ಷಮಿಸಿ" ಎಂದ.

ಅಷ್ಟೇ. ಅವಳ ಕಣ್ಣಿನಿಂದ ಇಳಿದ ನೀರು ಅವನು ಆಗಷ್ಟೇ ಹಾಕಿದ ಗೆರೆಯಲ್ಲಿ ಹರಿಯಿತು. ಅವನು ಹತ್ತಿ ತೆಗೆದುಕೊಂಡ. ಅವಳು ಅವನ ಕೈ ತಳ್ಳಿ ತಾನೇ ಒರೆಸಿಕೊಂಡಳು. ಆ ವಾರದ ನಾಟಕಗಳು ಮುಗಿಯುತ್ತಲೇ ತಂಡಕ್ಕೆ ರಜೆ ಹೇಳಿ ಸಿನಿಮಾಕ್ಕೆ ಹೊರಟಳು. ತೋರಿಸ್ತೀನಿ ಇವರಿಗೆ, ಆಗತ್ತಾ ಇಲ್ವಾ ಅಂತ.

ಆದರೆ ಆಗಲಿಲ್ಲ.

ಸಿನಿಮಾದ ಬಣ್ಣದವರು ಒಳ್ಳೆಯವರೇ, ಕೈ ಮಾತ್ರ ಧಾರಾಳ. ಹಣೆಯ ಮೇಲಿನ ಹಳೇ ಗಾಯದ ಗುರುತು, ಕಣ್ಣಿನ ಕೆಳಗಿನ ನಸುಗಪ್ಪು, ಎಲ್ಲವನ್ನೂ ಮುಚ್ಚಿ ಮುಖವನ್ನು ತಟ್ಟೆಯ ಹಾಗೆ ನುಣುಪು ಮಾಡಿದರು. ಕ್ಯಾಮೆರಾ ತಿರುಗಿತು. ಅವಳ ಕೈ ಎಲ್ಲಿಡಬೇಕೆಂದು ಅವಳಿಗೇ ತಿಳಿಯಲಿಲ್ಲ. ಬೆನ್ನು ಬಾಗಲು ಹೋಗುತ್ತಿತ್ತು, ದನಿ ನಡುಗಲು ಹೋಗುತ್ತಿತ್ತು. ಇಷ್ಟು ದಿನ ಮುದುಕಿಯರ ಹಿಂದೆ ಅವಿತುಕೊಂಡಿದ್ದವಳು ಈಗ ಬಯಲಿನಲ್ಲಿ ಒಬ್ಬಳೇ ನಿಂತಿದ್ದಳು.

ಒಂದೇ ದೃಶ್ಯಕ್ಕೆ ಹದಿನೇಳು ಟೇಕ್. ದಿನಾ ಟಿಕೆಟ್ ಕೊಳ್ಳಲು ಬರುವ ಪ್ರಯಾಣಿಕನಿಗೆ, "ನಾಳೆಯಿಂದ ನಾನು ಈ ಕಿಟಕಿಯಲ್ಲಿ ಇರುವುದಿಲ್ಲ" ಎಂದು ಹೇಳುವುದು, ಅಷ್ಟೇ.

ನಿರ್ದೇಶಕಿ ಅವಳನ್ನು ಪಕ್ಕಕ್ಕೆ ಕರೆದರು. "ನಿಮ್ಮ ಅಜ್ಜಿಯರೆಲ್ಲ ಬದುಕಿದ್ರು. ಈ ಹೆಂಗಸು ಮಾತ್ರ ಉಸಿರಾಡ್ತಿಲ್ಲ. ಇನ್ನೆರಡು ದಿನ ನೋಡ್ತೀನಿ. ಆಮೇಲೆ ನನಗೂ ಬೇರೆ ದಾರಿ ಇರಲ್ಲ."

ಅವಳು ತಲೆ ತಗ್ಗಿಸಿದಳು. "ಮೇಷ್ಟ್ರು ಮೊದಲೇ ಹೇಳಿದ್ರಲ್ಲ ನಿಮಗೆ. ಇವಳಿಂದ ಆಗಲ್ಲ ಅಂತ."

"ಯಾವ ಮೇಷ್ಟ್ರು?"

"ನಾಟಕದವರು. ಬಣ್ಣದವರು."

"ಅವರು ನಿಮ್ಮ ವಿಷಯ ಯಾಕೆ ಹೇಳ್ತಾರೆ?" ನಿರ್ದೇಶಕಿಗೆ ಆಶ್ಚರ್ಯ. "ನಾನು ಕೇಳಿದ್ದು ಅವರ ಕೆಲಸದ ವಿಷಯ. ನಿಮಗೆ ಬಣ್ಣ ಹಚ್ಚೋಕೆ ಬರ್ತೀರಾ, ಗಾಯದ ಗುರುತು ಮುಚ್ಚಿ ಚಂದ ಮಾಡೋಕೆ ಆಗತ್ತಾ ಅಂದೆ. ತಮ್ಮಿಂದ ಆಗಲ್ಲ ಅಂದ್ರು. ಯಾಕೆ ಅಂದ್ರೆ ಬಾಯೇ ಬಿಡಲಿಲ್ಲ ಆಸಾಮಿ."

ಅವಳು ತಲೆ ಎತ್ತಿದಳು.

ಅವನಿಂದ ಆಗಲ್ಲ... ತನ್ನಿಂದ ಅಲ್ಲ, ಅವನಿಂದ... ಹಾಗಾದರೆ ಆ ಕ್ಷಮೆ ಯಾವುದಕ್ಕೆ ಕೇಳಿದ್ದು?

ಸಂಜೆ ಮನೆಗೆ ಬಂದವಳು ಊಟದ ತಟ್ಟೆ ಸರಿಸಿ ಅಮ್ಮನಿಗೆ ನಡೆದದ್ದನ್ನು ಹೇಳಿದಳು. ಅಮ್ಮ ಹೊಲಿಗೆ ಯಂತ್ರ ನಿಲ್ಲಿಸಿ ಎಲ್ಲ ಕೇಳಿಸಿಕೊಂಡರು.

"ಬಾಗಿಲ ಸಂದಿಯಲ್ಲಿ ಕೇಳಿದ ಮಾತಿಗೆ ಕೈಕಾಲು ಮೂಡಿಸಿ ಕೂರಿಸಿದೀಯಲ್ಲೇ. ಸೂಜಿ ಕಳೆದಲ್ಲೇ ಹುಡುಕಬೇಕು ಮಗಳೇ. ಬೇರೆ ಕಡೆ ದೀಪ ಹಿಡ್ಕೊಂಡು ಓಡಾಡಿದ್ರೆ ಸಿಗಲ್ಲ. ಹೋಗಿ ಅವನನ್ನೇ ಕೇಳು."

ಮರುದಿನ ಮಧ್ಯಾಹ್ನ ನಾಟಕ ಇತ್ತು. ಅವಳು ಗ್ರೀನ್ ರೂಮಿನ ಬಾಗಿಲು ತಳ್ಳಿದಾಗ ಅದೇ ಕುರ್ಚಿಯಲ್ಲಿ ದೊಡ್ಡಕ್ಕ ಕುಳಿತಿದ್ದರು. ಕಣ್ಣು ಮುಚ್ಚಿತ್ತು, ಅರ್ಧ ಮುಖಕ್ಕೆ ಬಣ್ಣ ಆಗಿತ್ತು, ಹಣೆಯ ಅಂಚಿಗೆ ಅಂಟು ಹಚ್ಚಿ ವಿಗ್ ಕೂರಿಸಲಾಗಿತ್ತು. ಬಣ್ಣದ ಮೇಷ್ಟ್ರು ಎರಡೂ ಕೈಯಿಂದ ಅದನ್ನು ಒತ್ತಿ ಹಿಡಿದಿದ್ದ. ಅವನು ಇಳಿದುಹೋಗಿದ್ದ. ಗಡ್ಡ ಬಂದಿತ್ತು.

"ಡೈರೆಕ್ಟರಿಗೆ ಆಗಲ್ಲ ಅಂದದ್ದು ಯಾರಿಂದ?" ಅವಳು ನೇರವಾಗಿ ಕೇಳಿದಳು.

ಅವನು ಬೆಚ್ಚಿದ. "ಅಂದ್ರೆ?"

"ನನ್ನಿಂದ ಆಗಲ್ಲ ಅಂದ್ರಾ, ನಿಮ್ಮಿಂದ ಆಗಲ್ಲ ಅಂದ್ರಾ?"

"ನನ್ನಿಂದ. ನಿಮ್ಮಿಂದ ಆಗದೇ ಇರೋದು ಏನಿದೆ..." ಅಷ್ಟರಲ್ಲಿ ಅವನಿಗೆ ವಿಷಯ ಹೊಳೆಯಿತು. ಮುಖ ಬಿಳಚಿಕೊಂಡಿತು. "ಅಯ್ಯೋ. ನೀವು... ಇಷ್ಟು ದಿನ ಹಾಗಂದ್ಕೊಂಡಿದ್ರಾ?"

"ಮತ್ತೇನಂದ್ಕೊಳ್ಳಲಿ? ಕೆಲಸ ಯಾಕೆ ಬೇಡ ಅಂದ್ರಿ? ಆರು ವರ್ಷದಲ್ಲಿ ನಿಮ್ಮನ್ನ ಬಿಟ್ಟು ಒಂದು ಸಿನಿಮಾಕ್ಕೆ ನಾನು ಹೋಗಿದ್ದೀನಾ?"

ಅವನು ದೊಡ್ಡಕ್ಕನ ಕಡೆ ನೋಡಿದ. ದೊಡ್ಡಕ್ಕ ಕಣ್ಣು ಮುಚ್ಚಿಕೊಂಡೇ, "ನಾನು ಎದ್ದು ಹೋಗೋಣ ಅಂದ್ರೆ ನನ್ನ ಕೂದಲು ನಿನ್ನ ಕೈಯಲ್ಲಿದೆಯಪ್ಪ. ನಾನಿಲ್ಲ ಅಂದ್ಕೊಂಡು ಹೇಳು. ಬೇಗ ಹೇಳು, ಅಂಟು ಒಣಗ್ತಿದೆ" ಎಂದರು.

ಅವನು ವಿಗ್ಗನ್ನೇ ನೋಡುತ್ತಾ ಹೇಳಿದ.

"ಅಜ್ಜಿ ಮಾಡೋವಾಗ ನಾನು ಗೆರೆ ನೋಡ್ತೀನಿ. ಈ ಗೆರೆ ಆಯ್ತು, ಮುಂದಿನ ಗೆರೆ. ಕೈಗೆ ಕೆಲಸ ಇರತ್ತೆ, ಧೈರ್ಯ ಇರತ್ತೆ. ಆ ಸಿನಿಮಾದಲ್ಲಿ ಹಾಗಲ್ಲ... ನಿಮ್ಮನ್ನೇ ನೋಡಬೇಕು. ದಿನಾ, ಅಷ್ಟು ಹತ್ತಿರದಿಂದ, ಮನಸ್ಸಿನಲ್ಲಿ ಏನೂ ಇಲ್ಲದವನ ಹಾಗೆ. ಅದು ನನ್ನಿಂದ ಆಗಲ್ಲ ಅನ್ನಿಸ್ತು." ಅವನ ದನಿ ತಗ್ಗಿತು. "ಮತ್ತೆ ಆ ಗುರುತು ಮುಚ್ಚಬೇಕಂತೆ. ಆ ಮುಖದಲ್ಲಿ ಏನು ಮುಚ್ಚೋದು? ನನಗೆ ಒಂದೂ ಹೆಚ್ಚು ಅಂತ ಕಂಡಿಲ್ಲ."

ಅವಳ ಕಣ್ಣು ತುಂಬಿತು. ಕೋಪವೂ ಬಂತು.

"ಆರು ವರ್ಷ ದಿನಾ ಒಂದೂವರೆ ಗಂಟೆ ನಿಮ್ಮ ಮುಂದೆ ಕೂತಿದ್ದೆ. ಒಂದು ಸಲ ಹೇಳೋಕಾಗಲಿಲ್ವಾ?"

"ಹೇಳೋಣ ಅಂತ ಧೈರ್ಯ ಬರೋ ಹೊತ್ತಿಗೆ ದಿನಾ ನಿಮಗೆ ಎಪ್ಪತ್ತೈದು ವರ್ಷ ಆಗಿಬಿಟ್ಟಿರ್ತಿತ್ತು. ಆ ವಯಸ್ಸಿನವರ ಮುಂದೆ ಹೇಗೆ ಹೇಳೋದು? ಸಂಕೋಚ."

"ಯಾಕಪ್ಪ, ವಯಸ್ಸಾದವರು ಏನು ಪಾಪ ಮಾಡಿದ್ದಾರೆ?" ಎಂದರು ದೊಡ್ಡಕ್ಕ. "ನನಗೆ ಯಾರಾದ್ರೂ ಹೇಳಿದ್ರೆ ನಾನಂತೂ ಬೇಡ ಅನ್ನಲ್ಲ."

ಅಳುತ್ತಿದ್ದವಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ನಗುವಿನಲ್ಲಿ ಕೈ ಸಡಿಲಿ ವಿಗ್ ಒಂದು ಪಕ್ಕಕ್ಕೆ ಜಾರಿ ದೊಡ್ಡಕ್ಕನ ಕಿವಿಯ ಮೇಲೆ ಕುಳಿತಿತು.

"ನನಗೆ ಈಗ ವಯಸ್ಸು ಇಪ್ಪತ್ತೊಂಬತ್ತು," ಅವಳು ಕಣ್ಣೊರೆಸಿಕೊಂಡು ಎಂದಳು. "ಮುಖಕ್ಕೆ ಏನೂ ಹಚ್ಚಿಲ್ಲ. ಈಗ ಹೇಳಿ."

ಅವನು ಕೈಯನ್ನು ಬಟ್ಟೆಗೆ ಒರೆಸಿಕೊಂಡ. ಒಮ್ಮೆ ಒರೆಸಿದ ಕೈಯನ್ನು ಇನ್ನೊಮ್ಮೆ ಒರೆಸಿದ.

"ನೀವಿಲ್ಲದ ಈ ಮೂರು ವಾರ ನಾನು ಹಾಕಿದ ಒಂದು ಗೆರೆಯೂ ನೆಟ್ಟಗೆ ಬಂದಿಲ್ಲ. ಬೇಕಾದ್ರೆ ದೊಡ್ಡಕ್ಕನ ಮುಖ ನೋಡಿ."

"ಇದೇನಾ ಹೇಳೋದು?"

"ಅಲ್ಲ... ನಿಮ್ಮನ್ನ ಕಂಡ್ರೆ ನನಗೆ ಪ್ರಾಣ. ಮೊದಲ ದಿನದಿಂದ. ಹುಳಿ ತಿಂದ ಹಾಗೆ ಮುಖ ಮಾಡಿ ಅಂದಾಗಿನಿಂದ."

ಅವಳು ಎರಡು ಹೆಜ್ಜೆ ಮುಂದೆ ಬಂದು ಅವನ ಬಣ್ಣ ಹತ್ತಿದ ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡಳು. ಮಾತಿನಲ್ಲಿ ಉತ್ತರ ಹೇಳಬೇಕೆಂದು ಅವಳಿಗೂ ಅನ್ನಿಸಲಿಲ್ಲ, ಅವನಿಗೂ ಅನ್ನಿಸಲಿಲ್ಲ. ಅವತ್ತು ನಾಟಕ ಹತ್ತು ನಿಮಿಷ ತಡವಾಗಿ ಶುರುವಾಯಿತು.

ಮಾರನೆಯ ಬೆಳಿಗ್ಗೆ ಇಬ್ಬರೂ ದೋಣಿ ನಿಲ್ದಾಣಕ್ಕೆ ಬಂದರು. ನೀರಿನ ಮೇಲೆ ಎಳೆ ಬಿಸಿಲು ಬಿದ್ದಿತ್ತು.

"ಬಂದ್ರಾ? ಬಣ್ಣದ ಪೆಟ್ಟಿಗೆ ಎಲ್ಲಿ?" ನಿರ್ದೇಶಕಿ ಕೇಳಿದರು.

"ತಂದಿಲ್ಲ ಮೇಡಂ. ಮುಖ ತೊಳ್ಕೊಂಡು ಬರಲಿ, ಸಾಕು. ಒಂದು ಸಲ ತೆಗೆದು ನೋಡಿ. ಬೇಡ ಅನ್ನಿಸಿದ್ರೆ ನಾನೇ ಹಚ್ಚಿಕೊಡ್ತೀನಿ."

ಅವಳು ನಲ್ಲಿಯ ಕೆಳಗೆ ಮುಖ ಹಿಡಿದಳು. "ಭಯ ಆಗ್ತಿದೆ. ಇಷ್ಟು ಜನ ನೋಡ್ತಾರೆ."

"ಆರು ವರ್ಷ ನಾನೊಬ್ಬನೇ ನೋಡಿದೆ. ಇನ್ನು ಅವರೂ ನೋಡ್ಲಿ ಬಿಡಿ."

ಟಿಕೆಟ್ ಕಿಟಕಿಯ ಹಿಂದೆ ಅವಳು ಕುಳಿತಳು. ಪ್ರಯಾಣಿಕ ಬಂದ. ಅವಳು ಟಿಕೆಟ್ ಹರಿದು ಕೊಟ್ಟಳು. ಚಿಲ್ಲರೆಯನ್ನೂ ಕೊಟ್ಟು ತಲೆ ಎತ್ತಿದಳು. ಮೂರು ವಾರ ಒಬ್ಬನನ್ನು ಕಾಣದೆ ಕಳೆದ ಹೆಂಗಸಿನ ಮುಖ ಅದು. ಅದಕ್ಕೆ ಅಭಿನಯವೇ ಬೇಕಿರಲಿಲ್ಲ.

"ನಾಳೆಯಿಂದ ನಾನು ಈ ಕಿಟಕಿಯಲ್ಲಿ ಇರುವುದಿಲ್ಲ."

ಕಟ್ ಎನ್ನಲು ನಿರ್ದೇಶಕಿ ಮರೆತರು. ಕ್ಯಾಮೆರಾದವನು ಕೆಮ್ಮಿದ ಮೇಲೆ ನೆನಪಾಯಿತು. "ಉಸಿರಾಡಿದಳು," ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಕನ್ನಡಕ ತೆಗೆದು ಒರೆಸಿದರು. ಇಡೀ ಸಿನಿಮಾವನ್ನು ಹಾಗೇ, ಬಣ್ಣವಿಲ್ಲದೆ ತೆಗೆಯುವುದೆಂದು ಅಲ್ಲೇ ತೀರ್ಮಾನವಾಯಿತು.

ಊಟದ ಬಿಡುವಿನಲ್ಲಿ ಇಬ್ಬರೂ ನೀರಿಗಿಳಿಯುವ ಮೆಟ್ಟಿಲ ಮೇಲೆ ಕುಳಿತರು.

"ಅಮ್ಮನಿಗೆ ಹೇಗೆ ಹೇಳೋದು?" ಅವಳು ಕೇಳಿದಳು.

"ಬೆಳಿಗ್ಗೆ ನಿಮ್ಮ ಮನೆಗೆ ಬಂದೆನಲ್ಲ, ನೀವು ತಯಾರಾಗೋವಾಗ ನಾನೇ ಹೇಳಿದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ಟೇಪು ತೆಗೆದು ನನ್ನ ಭುಜದ ಅಳತೆ ತಗೊಂಡ್ರು. ಮದುವೆ ಕೋಟು ಹೊಲಿಯೋಕಂತೆ."

ಅವಳ ನಗುವಿಗೆ ದೋಣಿಯ ಹತ್ತಿರ ನಿಂತಿದ್ದವರೆಲ್ಲ ತಿರುಗಿ ನೋಡಿದರು. ನಕ್ಕು ಸುಸ್ತಾಗಿ ಅವಳು ಅವನ ಭುಜಕ್ಕೆ ತಲೆ ಆನಿಸಿದಳು.

"ಒಂದು ಕೇಳಲಾ?"

"ಕೇಳಿ."

"ಅದೇ... ಆ ಕೇಳಿ. ಬನ್ನಿ, ಹೋಗಿ, ಕೂತ್ಕೊಳ್ಳಿ. ಇನ್ನೂ ಎಷ್ಟು ದಿನ ಹೀಗೆ ಬಹುವಚನ?"

ಅವನು ಯೋಚಿಸಿದ. ಕಿವಿ ಕೆಂಪಾಯಿತು.

"ಊಟ ಮಾಡು," ಎಂದ ಕೊನೆಗೆ, ಹೊಸ ಭಾಷೆ ಕಲಿಯುವವನ ಹಾಗೆ ಮೆಲ್ಲಗೆ. "ಆರಿಹೋಗತ್ತೆ."

"ಇನ್ನೊಂದು ಸಲ ಹೇಳು."

"ಊಟ ಮಾಡು."

ಅವಳು ತನ್ನ ಡಬ್ಬಿಯ ಮುಚ್ಚಳ ತೆಗೆದು ಮೊದಲ ತುತ್ತನ್ನು ಅವನಿಗೇ ಕೊಟ್ಟಳು.